‘ಎಡ್’ ಎಂಬ ಪುಟ್ಟ ಬಾಲದ ಕಥೆ

(ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಪಿಯುಸಿ ವಿದ್ಯಾರ್ಥಿಗಳು, ಪೋಷಕರು ಮತ್ತು ಅಧ್ಯಾಪಕರ ಮುಂದೆ ನಮ್ಮ ವರದಿಗಾರ್ತಿ ಮಾಡಿದ ಉಪನ್ಯಾಸದ ಬರಹರೂಪ)



ಇಂಗ್ಲಿಷಿನ ಬಗ್ಗೆ ಮಾತನಾಡಲು ಇಂಗ್ಲಿಷ್ ಅಧ್ಯಾಪಕರನ್ನು ಬಿಟ್ಟು ಕನ್ನಡ ಪತ್ರಿಕೆಯ ವರದಿಗಾರ್ತಿಯನ್ನು ಏಕೆ ಕರೆದರು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ನಾನು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವಳು. ಇಂಗ್ಲಿಷಿನಲ್ಲಿ ಪಂಡಿತಳಲ್ಲ. ಆದರೆ ಇಂಗ್ಲಿಷಿನ ಒಂದು ಕ್ರಿಯಾಪದವನ್ನು ತಪ್ಪಾಗಿ ಓದಿ ಮೂವರು ಹುಡುಗರನ್ನು ಕಾಗದದ ಮೇಲೆ ಸಾಯಿಸಿದವಳು. ಆ ಕಥೆಯಿಂದಲೇ ಆರಂಭಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಪಾಳಿಯಲ್ಲಿ ಸುದ್ದಿಸಂಸ್ಥೆಯಿಂದ ಬಂದ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಿದ್ದಿತ್ತು. ಪುಟ ಮುಚ್ಚುವ ಹೊತ್ತಿಗೆ ನಾಲ್ಕು ಸಾಲಿನ ಸುದ್ದಿಯೊಂದು ಬಂತು. ಹೊಳೆಯಲ್ಲಿ ಈಜಲು ಇಳಿದ ಮೂವರು ಹುಡುಗರು, ನೀರಿನ ಸೆಳವು, ಒಬ್ಬ ಅಂಬಿಗ. ಕೊನೆಯ ಸಾಲಿನಲ್ಲಿ ‘ದ ಬಾಯ್ಸ್ ವುಡ್ ಹ್ಯಾವ್ ಡ್ರೌನ್ಡ್’ ಎಂದಿತ್ತು. ನನ್ನ ಕಣ್ಣು ನೇರವಾಗಿ ‘ಡ್ರೌನ್ಡ್’ ಎಂಬ ಕೊನೆಯ ಪದದ ಮೇಲೆ ಹೋಗಿ ನಿಂತಿತು. ‘ಹೊಳೆಯಲ್ಲಿ ಮುಳುಗಿ ಮೂವರು ಬಾಲಕರ ಸಾವು’ ಎಂದು ತಲೆಬರಹ ಕೊಟ್ಟೆ.

ಮುಖ್ಯ ಉಪಸಂಪಾದಕರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರು. ಬೈಯಲಿಲ್ಲ. ‘ನೋಡಮ್ಮ, ಅಂಬಿಗ ಪಾಪ ಕಷ್ಟಪಟ್ಟು ಎತ್ತಿದ ಹುಡುಗರನ್ನು ನೀನು ಮತ್ತೆ ನೀರಿಗೆ ಹಾಕಿದ್ದೀಯ’ ಎಂದರು. ಆ ಸಾಲಿನ ಅರ್ಥ, ಅಂಬಿಗ ನೀರಿಗೆ ಹಾರದೇ ಇದ್ದಿದ್ದರೆ ಹುಡುಗರು ಮುಳುಗಿ ಸಾಯುತ್ತಿದ್ದರು ಎಂದು. ಹುಡುಗರು ಬದುಕಿದ್ದರು. ಸುದ್ದಿ ಅಚ್ಚಾಗುವ ಮೊದಲೇ ತಿದ್ದಿದ್ದರಿಂದ ಯಾವ ತಾಯಿಯೂ ಬೆಳಿಗ್ಗೆ ಪತ್ರಿಕೆ ಹಿಡಿದು ಎದೆ ಬಡಿದುಕೊಳ್ಳಲಿಲ್ಲ.

ಆ ರಾತ್ರಿ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ‘ಡ್ರೌನ್’ ಕಠಿಣವಾದ ಪದವೇನಲ್ಲ. ವ್ಯಾಕರಣ ಪುಸ್ತಕದ ಪ್ರಕಾರ ಅದು ‘ರೆಗ್ಯುಲರ್’ ಕ್ರಿಯಾಪದ, ಅಂದರೆ ನಿಯಮ ಮೀರದ ಸಾಧು ಪದ. ಪ್ರೌಢಶಾಲೆಯಲ್ಲಿ ಹನ್ನೆರಡು ಕಾಲಗಳ ಕೋಷ್ಟಕವನ್ನು ನಾನು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಆದರೂ ಏಕೆ ಎಡವಿದೆ? ಉತ್ತರ ಹುಡುಕುತ್ತ ಹೋದಾಗ ತಿಳಿದದ್ದಿಷ್ಟು: ಕೋಷ್ಟಕ ನನಗೆ ಗೊತ್ತಿತ್ತು, ಆದರೆ ನನ್ನ ಕಣ್ಣು ತಪ್ಪು ಜಾಗದಲ್ಲಿ ಅರ್ಥ ಹುಡುಕುತ್ತಿತ್ತು. ಇಂದಿನ ಮಾತಿನ ಸಾರಾಂಶವೂ ಅದೇ.

ಬಾಲ ನೋಡುವ ಅಭ್ಯಾಸ

ಕನ್ನಡದ ‘ಆಡು’ ಎಂಬ ಧಾತುವನ್ನು ತೆಗೆದುಕೊಳ್ಳಿ. ಭೂತಕಾಲದಲ್ಲಿ ಅದು ಎಷ್ಟು ರೂಪ ತಾಳುತ್ತದೆ ಎಂದು ಎಣಿಸೋಣ. ಆಡಿದೆನು, ಆಡಿದೆವು, ಆಡಿದೆ, ಆಡಿದಿರಿ, ಆಡಿದನು, ಆಡಿದಳು, ಆಡಿದರು, ಆಡಿತು, ಆಡಿದವು. ಒಟ್ಟು ಒಂಬತ್ತು. ‘ಆಡಿದಳು’ ಎಂದರೆ ಒಂದೇ ಪದದಲ್ಲಿ ಪೂರ್ತಿ ವಾಕ್ಯ. ಕೆಲಸ ಯಾವುದು, ಯಾವ ಕಾಲದ್ದು, ಮಾಡಿದವರು ಒಬ್ಬರೋ ಹಲವರೋ, ಹೆಣ್ಣೋ ಗಂಡೋ ಎಲ್ಲವೂ ಅದರಲ್ಲಿದೆ. ಈ ಸಮಾಚಾರವೆಲ್ಲ ಇರುವುದು ಪದದ ತುದಿಯಲ್ಲಿ. ಆದ್ದರಿಂದ ಕನ್ನಡ ಓದುಗನ ಕಣ್ಣು ಚಿಕ್ಕಂದಿನಿಂದಲೇ ಕ್ರಿಯಾಪದದ ಬಾಲ ನೋಡಲು ಪಳಗಿರುತ್ತದೆ. ವಾಕ್ಯದಲ್ಲಿಯೂ ಕ್ರಿಯಾಪದ ಕೊನೆಗೇ ಬರುವುದರಿಂದ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ.

ಈಗ ಇಂಗ್ಲಿಷಿನ ‘ಪ್ಲೇ’ ನೋಡಿ. ನಾನು ಆಡಿದರೂ ‘ಪ್ಲೇಡ್’, ನೀವು ಆಡಿದರೂ ‘ಪ್ಲೇಡ್’, ಅವನು, ಅವಳು, ಅದು, ಅವರು ಯಾರು ಆಡಿದರೂ ‘ಪ್ಲೇಡ್’. ನಮ್ಮ ಒಂಬತ್ತು ರೂಪಗಳ ಕೆಲಸಕ್ಕೆ ಅಲ್ಲಿ ಒಂದೇ ರೂಪ. ಬರೀ ‘ಪ್ಲೇಡ್’ ಎಂದರೆ ಆಡಿದ್ದು ಯಾರೆಂದು ದೇವರಿಗೂ ತಿಳಿಯದು. ಹಾಗಾಗಿಯೇ ಇಂಗ್ಲಿಷಿನಲ್ಲಿ ಕರ್ತೃಪದವನ್ನು ಬಿಡುವಂತಿಲ್ಲ. ನಾವು ‘ನಿನ್ನೆ ಬಂದಳು’ ಎಂದು ಸುಮ್ಮನಾಗಬಹುದು. ಅವರು ‘ಶೀ’ ಎಂದು ಹೇಳಲೇಬೇಕು.

ನಿಯಮಬದ್ಧ ಇಂಗ್ಲಿಷ್ ಕ್ರಿಯಾಪದಕ್ಕೆ ಇರುವುದು ಒಟ್ಟು ನಾಲ್ಕೇ ರೂಪಗಳು: ಪ್ಲೇ, ಪ್ಲೇಸ್, ಪ್ಲೇಡ್, ಪ್ಲೇಯಿಂಗ್. ಸಾವಿರಾರು ಕ್ರಿಯಾಪದಗಳು ಈ ಒಂದೇ ಅಚ್ಚಿನವು. ಲೆಕ್ಕಕ್ಕೆ ನೋಡಿದರೆ ಇಷ್ಟು ಸುಲಭದ ಭಾಷೆ ಬೇರಿಲ್ಲ ಎನ್ನಬೇಕು. ಹಾಗಿದ್ದರೆ ತೊಡಕು ಎಲ್ಲಿದೆ? ಅದನ್ನು ತಿಳಿಯಲು ಈ ಪದಗಳು ಬಾಲ ಕಳೆದುಕೊಂಡದ್ದು ಹೇಗೆ ಎಂದು ನೋಡಬೇಕು.

ಇಂಗ್ಲಿಷಿಗೂ ಬಾಲಗಳಿದ್ದವು

ಸುಮಾರು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಕೇಳಿದರೆ ಇಂದಿನ ಲಂಡನ್ನಿನವರಿಗೂ ಅರ್ಥವಾಗುವುದಿಲ್ಲ. ಆ ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಸಾಕಷ್ಟು ಬಾಲಗಳಿದ್ದವು. ಇಂದಿನ ‘ಲವ್’, ಅಂದರೆ ಪ್ರೀತಿಸು ಎಂಬುದರ ಭೂತಕಾಲ ಈಗ ಎಲ್ಲರಿಗೂ ‘ಲವ್ಡ್’. ಆಗ ‘ನಾನು ಪ್ರೀತಿಸಿದೆ’ ಎನ್ನಲು ಹೆಚ್ಚುಕಡಿಮೆ ‘ಲುವೊದೆ’ ಎಂಬ ರೂಪವಿತ್ತು, ‘ನೀನು ಪ್ರೀತಿಸಿದೆ’ ಎನ್ನಲು ‘ಲುವೊದೆಸ್ಟ್’, ‘ಅವರು ಪ್ರೀತಿಸಿದರು’ ಎನ್ನಲು ‘ಲುವೊದೊನ್’. ನಮ್ಮ ಕನ್ನಡದಷ್ಟು ಶ್ರೀಮಂತವಲ್ಲದಿದ್ದರೂ ಬಡತನವೇನೂ ಇರಲಿಲ್ಲ.

ಈ ತುದಿಗಳು ಸವೆದದ್ದಕ್ಕೆ ಎರಡು ಮುಖ್ಯ ಕಾರಣಗಳನ್ನು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಉಚ್ಚಾರದ ಒತ್ತು ಸಾಮಾನ್ಯವಾಗಿ ಪದದ ಮೊದಲ ಭಾಗದ ಮೇಲೆ ಬೀಳುತ್ತಿತ್ತು. ಒತ್ತು ಇಲ್ಲದ ಕೊನೆಯ ಸ್ವರಗಳು ಮಾತಿನಲ್ಲಿ ಮಸುಕಾಗಿ, ಕ್ರಮೇಣ ಕಳಚಿ ಬಿದ್ದವು. ಎರಡನೆಯದು, ಎಂಟನೆಯ ಶತಮಾನದ ಕೊನೆಯಿಂದ ಸ್ಕ್ಯಾಂಡಿನೇವಿಯದ ಜನ ದಾಳಿಕೋರರಾಗಿ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತದ್ದು. ಅವರ ನುಡಿ ಇಂಗ್ಲಿಷಿನ ದಾಯಾದಿ. ಪದಗಳ ಬುಡ ಎಷ್ಟೋ ಕಡೆ ಒಂದೇ, ಬಾಲ ಮಾತ್ರ ಬೇರೆ. ಸಂತೆಯಲ್ಲಿ ವ್ಯಾಪಾರ ಮಾಡುವಾಗ, ಮದುವೆ ಸಂಬಂಧ ಬೆಳೆಸುವಾಗ ಬುಡ ಉಳಿಯಿತು, ಬಾಲ ಹೋಯಿತು.

ವರ್ತಮಾನ ಕಾಲದಲ್ಲಿ ಉಳಿದದ್ದು ಒಂದೇ ಒಂದು ಬಾಲ: ಅವನು, ಅವಳು, ಅದು ಎಂಬಲ್ಲಿ ಬರುವ ‘ಸ್’. ಅದೂ ಮೂಲದಲ್ಲಿ ಉತ್ತರ ಇಂಗ್ಲೆಂಡಿನ ಮಾತು. ದಕ್ಷಿಣದವರು ಆ ಜಾಗದಲ್ಲಿ ‘ಎಥ್’ ಎನ್ನುತ್ತಿದ್ದರು. 1611ರಲ್ಲಿ ಪ್ರಕಟವಾದ ಪ್ರಸಿದ್ಧ ಇಂಗ್ಲಿಷ್ ಬೈಬಲಿನಲ್ಲಿ ಇರುವುದು ಈ ‘ಎಥ್’. 1616ರಲ್ಲಿ ತೀರಿಕೊಂಡ ಷೇಕ್ಸ್‌ಪಿಯರ್ ಎರಡನ್ನೂ ಬಳಸಿದ್ದಾನೆ. ಕಡೆಗೆ ಉತ್ತರದ ‘ಸ್’ ಗೆದ್ದಿತು. ‘ನೀನು’ ಎಂಬರ್ಥದ ‘ದೌ’ ಪದ ಬಳಕೆಯಿಂದ ಹೋದಾಗ ಅದರ ಜೊತೆಗಿದ್ದ ‘ಎಸ್ಟ್’ ಬಾಲವೂ ಹೋಯಿತು.

‘ಹೀ ಪ್ಲೇ’ ಎಂದು ಬರೆದು ಕೆಂಪು ಶಾಯಿ ತಿಂದ ಮಕ್ಕಳು ಇಲ್ಲಿ ಎಷ್ಟೋ ಜನ ಇರಬಹುದು. ಬರಹದ ಇಂಗ್ಲಿಷಿನಲ್ಲಿ ಅದು ತಪ್ಪೇ, ತಿದ್ದಿಕೊಳ್ಳಲೇಬೇಕು. ಆದರೆ ಅದು ದಡ್ಡತನದ ಗುರುತಲ್ಲ. ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫಕ್ ಕಡೆಯ ಸಾಂಪ್ರದಾಯಿಕ ಆಡುಮಾತಿನಲ್ಲಿಯೂ ಈ ‘ಸ್’ ಇಲ್ಲ. ಉಳಿದ ಬಾಲಗಳೆಲ್ಲ ಬಿದ್ದಮೇಲೆ ಒಂಟಿಯಾಗಿ ಉಳಿದ ಬಾಲವಾದ್ದರಿಂದ ಅದನ್ನು ಮರೆಯುವುದು ಸಹಜ. ನೆನಪಿಡುವುದಕ್ಕೂ ಅದೇ ಸುಲಭದ ದಾರಿ: ಇರುವುದು ಒಂದೇ, ಅದನ್ನಾದರೂ ಬಿಡಬೇಡಿ.

‘ವಾಕೆಡ್’ ಎಂದವರ ಪರವಾಗಿ

ಭೂತಕಾಲದ ಬಾಲವನ್ನು ಬರೆಯುವುದು ‘ಇ’ ಮತ್ತು ‘ಡಿ’ ಎಂಬ ಎರಡು ಅಕ್ಷರಗಳಲ್ಲಿ. ಕಾಗುಣಿತದಲ್ಲಿ ಸಣ್ಣಪುಟ್ಟ ಹೊಂದಾಣಿಕೆಗಳಿವೆ. ‘ಸ್ಟಾಪ್’ ಪದದ ಕೊನೆಯ ‘ಪಿ’ ಇಮ್ಮಡಿಯಾಗುತ್ತದೆ. ‘ಕ್ರೈ’ ಪದದ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ, ಆದರೆ ‘ಪ್ಲೇ’ಯಲ್ಲಿ ‘ವೈ’ ಹಿಂದೆ ಸ್ವರವಿರುವುದರಿಂದ ಅದು ಅಲುಗಾಡುವುದಿಲ್ಲ.

ಬರಹ ಒಂದೇ ಆದರೂ ಉಚ್ಚಾರ ಮೂರು. ‘ವಾಕ್’, ‘ಜಂಪ್’, ‘ವಾಷ್’ ಮುಂತಾದ, ಗಂಟಲು ಕಂಪಿಸದ ಧ್ವನಿಯಲ್ಲಿ ಮುಗಿಯುವ ಪದಗಳಿಗೆ ‘ಟ್’ ಸೇರುತ್ತದೆ: ವಾಕ್ಟ್, ಜಂಪ್ಟ್, ವಾಷ್ಟ್. ‘ಪ್ಲೇ’, ‘ಓಪನ್’, ‘ಕಾಲ್’ ಮುಂತಾದವಕ್ಕೆ ‘ಡ್’: ಪ್ಲೇಡ್, ಓಪನ್ಡ್, ಕಾಲ್ಡ್. ಪದವೇ ‘ಟ್’ ಅಥವಾ ‘ಡ್’ ಧ್ವನಿಯಲ್ಲಿ ಮುಗಿದರೆ ಮಾತ್ರ ‘ಇಡ್’ ಎಂಬ ಪೂರ್ತಿ ಉಚ್ಚಾರ: ವಾಂಟಿಡ್, ನೀಡಿಡ್. ನಾವು ಬರೆದಂತೆ ಓದುವ ಜನ. ಹಾಗಾಗಿ ‘ವಾಕೆಡ್’, ‘ಆಸ್ಕೆಡ್’ ಎನ್ನುತ್ತೇವೆ, ಕೇಳಿದವರು ನಗುತ್ತಾರೆ.

ನಗುವವರಿಗೆ ಒಂದು ಸಂಗತಿ ಹೇಳಬೇಕು. ಹಿಂದೆ ಈ ಬಾಲವನ್ನು ಇಂಗ್ಲಿಷರೂ ಎಲ್ಲ ಕಡೆ ಪೂರ್ತಿಯಾಗಿಯೇ ಉಚ್ಚರಿಸುತ್ತಿದ್ದರು. ನಡುವಿನ ಸ್ವರವನ್ನು ನುಂಗುವ ರೂಢಿ ಹಬ್ಬಿದಾಗ ಅದನ್ನು ಕಂಡು ಸಿಡುಕಿದವನು ‘ಗಲಿವರನ ಪ್ರವಾಸ’ ಬರೆದ ಜೊನಾಥನ್ ಸ್ವಿಫ್ಟ್. 1712ರಲ್ಲಿ ಇಂಗ್ಲಿಷ್ ಭಾಷೆಯನ್ನು ತಿದ್ದಿ ಸ್ಥಿರಗೊಳಿಸಬೇಕೆಂದು ಅವನು ಒಂದು ಪ್ರಸ್ತಾವ ಪ್ರಕಟಿಸಿದ. ಸ್ವರ ಕತ್ತರಿಸಿ ವ್ಯಂಜನಗಳನ್ನು ಡಿಕ್ಕಿ ಹೊಡೆಸುವ ಈ ಚಾಳಿಯ ಬಗ್ಗೆ ಅದರಲ್ಲಿ ದೂರಿದ್ದಾನೆ. ಅವನ ದೂರನ್ನು ಯಾರೂ ಕೇಳಲಿಲ್ಲ. ಹಳೆಯ ಉಚ್ಚಾರ ಇಂದು ‘ವಿಕೆಡ್’, ‘ನೇಕೆಡ್’, ವಿದ್ವಾಂಸ ಎಂಬರ್ಥದ ‘ಲರ್ನೆಡ್’ ಮುಂತಾದ ಕೆಲವು ಪದಗಳಲ್ಲಿ ಮಾತ್ರ ಉಳಿದಿದೆ. ‘ವಾಕೆಡ್’ ಎನ್ನುವ ನಮ್ಮ ಹುಡುಗ ಇಂದಿನ ಉಚ್ಚಾರ ಕಲಿಯಬೇಕು ನಿಜ. ಆದರೆ ಅವನ ಪರವಾಗಿ ಸ್ವಿಫ್ಟ್‌ನಂಥ ಘಟಾನುಘಟಿಯೊಬ್ಬ ವಾದ ಮಾಡಿದ್ದ ಎಂಬುದೂ ನಿಜ.

ಹೊಸಬರಿಗೆ ತೆರೆದ ಬಾಗಿಲು

ನಿಯಮಬದ್ಧ ಎಂದರೆ ಹಳೆಯದು, ಅನಿಯಮಿತ ಎಂದರೆ ಆಮೇಲೆ ಕೆಟ್ಟದ್ದು ಎಂದು ನಾನು ತಿಳಿದಿದ್ದೆ. ಸಂಗತಿ ಬಹುಮಟ್ಟಿಗೆ ತಿರುಗುಮುರುಗಾಗಿದೆ. ಒಳಗಿನ ಸ್ವರ ಬದಲಿಸಿ ಕಾಲ ಸೂಚಿಸುವ ‘ಸಿಂಗ್–ಸ್ಯಾಂಗ್–ಸಂಗ್’ ಪದ್ಧತಿಯೇ ಹೆಚ್ಚು ಪ್ರಾಚೀನ. ಬಾಲ ಅಂಟಿಸುವ ಪದ್ಧತಿ ಇಂಗ್ಲಿಷ್, ಜರ್ಮನ್, ಡಚ್ ಮೊದಲಾದ ಜರ್ಮಾನಿಕ್ ನುಡಿಗಳ ಪೂರ್ವಜರು ಆಮೇಲೆ ಕಂಡುಕೊಂಡ ದಾರಿ. ಈ ಬಾಲದ ‘ಡ’ಕಾರ ‘ಮಾಡಿದ’ ಎಂಬರ್ಥದ ‘ಡಿಡ್’ ಪದದ ಬಂಧು ಎಂದು ಅನೇಕ ವಿದ್ವಾಂಸರು ಎಣಿಸಿದ್ದಾರೆ. ನಮ್ಮ ‘ಮಾಡಿದ’ದಲ್ಲಿರುವ ‘ದ’ಕಾರಕ್ಕೂ ಅದಕ್ಕೂ ಸಂಬಂಧ ಕಟ್ಟಬೇಡಿ, ಅದು ಬರೀ ಕಾಕತಾಳೀಯ.

ಹೀಗೆ ತಡವಾಗಿ ಬಂದ ಬಾಲ ಹಳೆಯ ಪದಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡಿತು. ‘ಹೆಲ್ಪ್’ ಒಂದು ಕಾಲದಲ್ಲಿ ಅನಿಯಮಿತ ಪದವಾಗಿತ್ತು. ‘ಹೋಲ್ಪ್’ ಎಂಬ ಭೂತಕಾಲದ ರೂಪ ಬಹಳ ಕಾಲ ಬಳಕೆಯಲ್ಲಿತ್ತು. ಶಾಲೆಯಲ್ಲಿ ಸಾಧು ಪದದ ಮಾದರಿಯಾಗಿ ಕಲಿಸುವ ‘ವಾಕ್’ ಕೂಡ ಹಿಂದೆ ಅನಿಯಮಿತವೇ. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎರೆಜ್ ಲೀಬರ್‌ಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಅವರು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಪಟ್ಟಿ ಮಾಡಿದರು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅವುಗಳಲ್ಲಿ 145 ಮಾತ್ರ ಅನಿಯಮಿತವಾಗಿ ಉಳಿದಿದ್ದವು. ಇಂದು ಉಳಿದಿರುವುದು 98.

ಉಳಿದವು ಯಾವುವು? ದಿನವೂ ಬಾಯಲ್ಲಿ ಆಡುವಂಥವು. ಬೀ, ಹ್ಯಾವ್, ಡೂ, ಗೋ, ಸೇ, ಸೀ, ಟೇಕ್, ಗೆಟ್ ಮೊದಲಾದ ಅತಿ ಬಳಕೆಯ ಹತ್ತು ಕ್ರಿಯಾಪದಗಳೂ ಅನಿಯಮಿತವೇ. ನೂರು ಪಟ್ಟು ಕಡಿಮೆ ಬಳಕೆಯಾಗುವ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಒಳಗಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಬಳಸುವ ಪಾತ್ರೆಯ ಹಳೆಯ ಆಕಾರವನ್ನು ಮನೆಮಂದಿ ಮರೆಯುವುದಿಲ್ಲ. ಅಟ್ಟಕ್ಕೆ ಹಾಕಿದ ಪಾತ್ರೆಯನ್ನು ಮರೆಯುತ್ತಾರೆ.

ಕನ್ನಡದಲ್ಲಿಯೂ ಇದೇ ಕಥೆ. ಬರು–ಬಂದ, ಕೊಡು–ಕೊಟ್ಟ, ತಿನ್ನು–ತಿಂದ, ನಗು–ನಕ್ಕ, ಸಾಯು–ಸತ್ತ. ಇವನ್ನು ಕನ್ನಡ ಕಲಿಯುವ ಪರಭಾಷಿಕರು ಒಂದೊಂದಾಗಿ ಬಾಯಿಪಾಠ ಮಾಡಬೇಕು. ಆದರೆ ಹೊರಗಿನಿಂದ ಬಂದ ಪದಕ್ಕೆ ನಾವು ‘ಇಸು’ ಸೇರಿಸಿ ಒಳಗೆ ಕರೆದುಕೊಳ್ಳುತ್ತೇವೆ. ಪ್ರೀತಿಸು, ಚರ್ಚಿಸು, ಪರೀಕ್ಷಿಸು. ಆಮೇಲೆ ಭೂತಕಾಲಕ್ಕೆ ಯೋಚಿಸುವ ಅಗತ್ಯವೇ ಇಲ್ಲ: ಪ್ರೀತಿಸಿದ, ಚರ್ಚಿಸಿದ, ಪರೀಕ್ಷಿಸಿದ. ನಮ್ಮ ‘ಇಸು’ ಹೇಗೋ ಇಂಗ್ಲಿಷಿನ ‘ಎಡ್’ ಹಾಗೆ. ಹೊಸಬರು ಒಳಬರುವ ಹೆಬ್ಬಾಗಿಲು ಅದು. ನಮ್ಮ ದೇಶದಿಂದ ಹೋದ ‘ಲೂಟಿ’ ಅಲ್ಲಿ ‘ಲೂಟ್’ ಆಗಿ ‘ಲೂಟಿಡ್’ ಆಯಿತು. ತಲೆ ತಿಕ್ಕುವ ‘ಚಂಪೊ’ ಎಂಬ ಹಿಂದಿ ಪದ ‘ಶಾಂಪೂಡ್’ ಆಯಿತು. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಧಿಕಾರಿ ‘ಘೆರಾವೋಡ್’ ಆಗುತ್ತಾನೆ, ಆರೋಪಿ ‘ಚಾರ್ಜ್‌ಷೀಟೆಡ್’ ಆಗುತ್ತಾನೆ. ಅಂತರಜಾಲದ ಕಾಲದಲ್ಲಿ ‘ಗೂಗಲ್ಡ್’ ಬಂತು.

ಈ ಬಾಗಿಲು ಮಗುವಿನ ಮನಸ್ಸಿನಲ್ಲಿಯೇ ಇದೆ ಎಂದು ತೋರಿಸಿದವರು ಅಮೆರಿಕದ ಜೀನ್ ಬರ್ಕೊ. 1958ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪುಟ್ಟ ಮಕ್ಕಳ ಮುಂದೆ ಚಿತ್ರ ಹಿಡಿದು, ‘ಈ ಮನುಷ್ಯನಿಗೆ ರಿಕ್ ಮಾಡಲು ಬರುತ್ತದೆ, ನಿನ್ನೆಯೂ ಅದನ್ನೇ ಮಾಡಿದ, ನಿನ್ನೆ ಏನು ಮಾಡಿದ?’ ಎಂಬರ್ಥದ ಪ್ರಶ್ನೆ ಕೇಳಿದರು. ‘ರಿಕ್’ ಎಂಬ ಪದವೇ ಇಲ್ಲ, ಅದು ಹುಟ್ಟಿಸಿದ್ದು. ಹೆಚ್ಚಿನ ಮಕ್ಕಳು ‘ರಿಕ್ಟ್’ ಎಂದು ಸರಿಯಾಗಿ ಬಾಲ ಸೇರಿಸಿದರು. ಎಂದೂ ಕೇಳದ ಪದವನ್ನು ಅನುಕರಿಸಲು ಸಾಧ್ಯವಿಲ್ಲ. ಅಂದರೆ ಅವರು ನಿಯಮವನ್ನು ತಾವೇ ಕಟ್ಟಿಕೊಂಡಿದ್ದರು. ಇಂಗ್ಲಿಷ್ ಮನೆಮಾತಿನ ಮಕ್ಕಳೂ ‘ಗೋಡ್’ ಎನ್ನುವ ಹಂತ ದಾಟಿಯೇ ‘ವೆಂಟ್’ ಕಲಿಯುತ್ತಾರೆ. ಇಂಥ ತಪ್ಪು ನಿಯಮ ತಲೆಗೆ ಹತ್ತಿದೆ ಎಂಬುದರ ಸಾಕ್ಷಿ.

ಹನ್ನೆರಡು ಮನೆಯ ಕೋಷ್ಟಕ

ಬಾಲಗಳು ಹೋದ ಮೇಲೆ ಕಾಲದ ಸೂಕ್ಷ್ಮಗಳನ್ನು ಹೇಳುವವರು ಯಾರು? ಸಹಾಯಕ ಪದಗಳು. ಇಂಗ್ಲಿಷಿನಲ್ಲಿ ಅವು ಕ್ರಿಯಾಪದದ ಮುಂದೆ ಸಾಲಾಗಿ ನಿಲ್ಲುತ್ತವೆ.

ನಾವು ಹೆದರುವ ಹನ್ನೆರಡು ಕಾಲಗಳು ನಿಜವಾಗಿ ಮೂರು ನಾಲ್ಕಲೆ ಹನ್ನೆರಡು. ನಾಲ್ಕು ರೀತಿಗಳನ್ನು ಮೊದಲು ನೋಡಿ. ‘ಪ್ಲೇಸ್’ ಎಂದರೆ ಆಡುತ್ತಾನೆ. ‘ಈಸ್ ಪ್ಲೇಯಿಂಗ್’ ಎಂದರೆ ಆಡುತ್ತಿದ್ದಾನೆ. ‘ಹ್ಯಾಸ್ ಪ್ಲೇಡ್’ ಎಂದರೆ ಆಡಿದ್ದಾನೆ. ‘ಹ್ಯಾಸ್ ಬೀನ್ ಪ್ಲೇಯಿಂಗ್’ ಎಂದರೆ ಆಡುತ್ತ ಬಂದಿದ್ದಾನೆ. ಇವುಗಳ ಮೊದಲ ಪದವನ್ನು ಭೂತಕಾಲಕ್ಕೆ ತಿರುಗಿಸಿದರೆ ಇನ್ನು ನಾಲ್ಕು: ಪ್ಲೇಡ್, ವಾಸ್ ಪ್ಲೇಯಿಂಗ್, ಹ್ಯಾಡ್ ಪ್ಲೇಡ್, ಹ್ಯಾಡ್ ಬೀನ್ ಪ್ಲೇಯಿಂಗ್. ಎಲ್ಲಕ್ಕೂ ಮೊದಲು ‘ವಿಲ್’ ನಿಲ್ಲಿಸಿದರೆ ಮತ್ತೆ ನಾಲ್ಕು: ವಿಲ್ ಪ್ಲೇ, ವಿಲ್ ಬೀ ಪ್ಲೇಯಿಂಗ್, ವಿಲ್ ಹ್ಯಾವ್ ಪ್ಲೇಡ್, ವಿಲ್ ಹ್ಯಾವ್ ಬೀನ್ ಪ್ಲೇಯಿಂಗ್. ಇದೇ ಇಡೀ ಕೋಷ್ಟಕ. ‘ಪ್ಲೇ’ ಜಾಗದಲ್ಲಿ ಯಾವ ನಿಯಮಬದ್ಧ ಕ್ರಿಯಾಪದವನ್ನು ಇಟ್ಟರೂ ಉಳಿದದ್ದು ಬದಲಾಗುವುದಿಲ್ಲ.

ಸಹಾಯಕ ಪದ ನಮಗೆ ಹೊಸತೇನಲ್ಲ. ‘ಆಡಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಆಡಿ ಇದ್ದಾನೆ’, ‘ಆಡುತ್ತಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಆಡುತ್ತ ಇದ್ದಾನೆ’. ನಮ್ಮ ‘ಇರು’ ಹಿಂದಿನಿಂದ ಬಂದು ಪದಕ್ಕೆ ಬೆಸೆದುಕೊಳ್ಳುತ್ತದೆ. ಅವರ ಸಹಾಯಕ ಪದ ಮುಂದೆ ನಿಂತು ಬೇರೆಯಾಗಿಯೇ ಉಳಿಯುತ್ತದೆ. ಕೆಲಸ ಒಂದೇ, ನಿಲ್ಲುವ ಜಾಗ ಬೇರೆ.

ಈ ‘ವಿಲ್’ ಪದದ ಮೂಲ ಅರ್ಥ ‘ಬಯಸು’. ‘ಶಲ್’ ಎಂಬುದರ ಮೂಲದಲ್ಲಿ ‘ಋಣಿಯಾಗಿರು’ ಎಂಬ ಅರ್ಥವಿತ್ತು. ಬಯಕೆಯನ್ನೂ ಋಣವನ್ನೂ ಹೇಳುವ ಪದಗಳು ಸವೆದು ನಾಳೆಯನ್ನು ಹೇಳತೊಡಗಿದವು. ಇಂಗ್ಲಿಷಿನಲ್ಲಿ ಭವಿಷ್ಯತ್ತಿಗೆಂದೇ ಪ್ರತ್ಯೇಕ ಬಾಲ ಎಂದೂ ಇರಲಿಲ್ಲ. ಆದ್ದರಿಂದಲೇ 1985ರಲ್ಲಿ ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಬರೆದ ದೊಡ್ಡ ವ್ಯಾಕರಣವೂ, 2002ರಲ್ಲಿ ಬಂದ ಹಡಲ್‌ಸ್ಟನ್ ಮತ್ತು ಪುಲಮ್ ಅವರ ವ್ಯಾಕರಣವೂ ಇಂಗ್ಲಿಷಿಗೆ ಭವಿಷ್ಯತ್ ಎಂಬ ಪ್ರತ್ಯೇಕ ಕಾಲರೂಪವಿದೆ ಎಂದು ಒಪ್ಪುವುದಿಲ್ಲ. ಹಾಗಾದರೆ ನಮ್ಮ ಶಾಲೆಯ ಕೋಷ್ಟಕ ಬಂದದ್ದೆಲ್ಲಿಂದ? 1586ರಲ್ಲಿ ವಿಲಿಯಂ ಬುಲ್ಲೋಕರ್ ಇಂಗ್ಲಿಷಿನ ಮೊದಲ ವ್ಯಾಕರಣ ಬರೆದಾಗ ಅವನ ಮುಂದಿದ್ದ ಮಾದರಿ ಲ್ಯಾಟಿನ್. ಲ್ಯಾಟಿನ್ನಿನಲ್ಲಿ ಎಷ್ಟು ಮನೆಗಳಿವೆಯೋ ಅಷ್ಟನ್ನು ಇಂಗ್ಲಿಷಿನಲ್ಲಿಯೂ ತುಂಬಿಸುವ ಪರಿಪಾಠ ಬೆಳೆಯಿತು. 1795ರಲ್ಲಿ ಪ್ರಕಟವಾಗಿ ಎಲ್ಲ ಕಡೆ ಹಬ್ಬಿದ ಲಿಂಡ್ಲಿ ಮರ್‍ರೆಯ ವ್ಯಾಕರಣದಲ್ಲಿ ಆರು ಕಾಲಗಳಿದ್ದವು. ನಮ್ಮ ಕೇಶಿರಾಜನೂ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಸಂಸ್ಕೃತದ ಚೌಕಟ್ಟನ್ನು ಮುಂದಿಟ್ಟುಕೊಂಡಿದ್ದ. ದೊಡ್ಡ ಭಾಷೆಯ ಅಂಗಿಯನ್ನು ಮನೆಯ ಮಗುವಿಗೆ ತೊಡಿಸುವುದು ಎಲ್ಲ ಕಡೆಯ ಪದ್ಧತಿ.

ಕೋಷ್ಟಕ ಬೇಡ ಎಂದು ನಾನು ಹೇಳುತ್ತಿಲ್ಲ. ಕಲಿಯುವವರಿಗೆ ಅದು ಊರುಗೋಲು. ಆದರೆ ಹನ್ನೆರಡು ಬೇರೆ ಬೇರೆ ಸಂಗತಿಗಳೆಂದು ಉರು ಹೊಡೆಯುವ ಬದಲು ನಾಲ್ಕು ರೂಪ, ಮೂರು ಸಹಾಯಕ ಪದಗಳ ಜೋಡಣೆ ಎಂದು ತಿಳಿದರೆ ಭಾರ ಇಳಿಯುತ್ತದೆ.

ಕಾಲದ ಗುರುತು ಒಂದೇ ಸಲ

ಈ ಜೋಡಣೆಯಲ್ಲಿ ಒಂದು ಕಟ್ಟುಪಾಡಿದೆ. ಕಾಲದ ಗುರುತು ಬರುವುದು ಒಂದೇ ಸಲ, ಅದೂ ಸಾಲಿನ ಮೊದಲ ಪದಕ್ಕೆ. ‘ಹ್ಯಾಡ್ ಬೀನ್ ಪ್ಲೇಯಿಂಗ್’ ಎಂಬಲ್ಲಿ ಭೂತಕಾಲವನ್ನು ಹೊತ್ತಿರುವುದು ‘ಹ್ಯಾಡ್’ ಮಾತ್ರ. ಪ್ರಶ್ನೆಗೂ ನಿಷೇಧಕ್ಕೂ ಇದೇ ನ್ಯಾಯ. ‘ನೀನು ಆಡಿದೆಯಾ’ ಎಂದು ಕೇಳಲು ‘ಡಿಡ್’ ಬಂದು ಮುಂದೆ ನಿಂತಿತೆಂದರೆ ಭೂತಕಾಲವನ್ನು ಅದೇ ಹೊತ್ತುಕೊಂಡಿತು ಎಂದರ್ಥ. ಹಿಂದಿನ ‘ಪ್ಲೇ’ ತನ್ನ ಬಾಲ ಕಳಚಿ ಬರಿಮೈಯಲ್ಲಿ ನಿಲ್ಲುತ್ತದೆ. ‘ಡಿಡ್ ಯು ಪ್ಲೇಡ್’ ಎಂದರೆ ಒಂದೇ ಬಸ್ಸಿಗೆ ಎರಡು ಸಲ ಟಿಕೆಟ್ ತೆಗೆದಂತೆ. ‘ಡಸ್ ಹೀ ಪ್ಲೇಸ್’ ಎಂಬುದೂ ಅಷ್ಟೆ. ‘ಡಸ್’ ಆಗಲೇ ‘ಸ್’ ತೆಗೆದುಕೊಂಡಿದೆ.

ಇಂಗ್ಲಿಷರೂ ಎರಡು ಟಿಕೆಟ್ ತೆಗೆದದ್ದುಂಟು. ನನ್ನನ್ನು ಕೆಡವಿದ ‘ಡ್ರೌನ್ಡ್’ ಪದವನ್ನೇ ನೋಡಿ. ಅದರ ಕೊನೆಯ ‘ಡ್’ ಸಾಲದೆಂದು ಇಂಗ್ಲೆಂಡಿನ ಹಳ್ಳಿಗಾಡಿನ ಮಾತಿನಲ್ಲಿ ‘ಡ್ರೌಂಡೆಡ್’ ಎನ್ನುತ್ತಿದ್ದರು.

ಪತ್ರಿಕಾ ಕಚೇರಿಯ ಪಾಠ

ಇನ್ನು ನಮ್ಮ ಕಸುಬಿಗೆ ಬರುತ್ತೇನೆ. ‘ರಿಸೈನ್’ ಎಂಬ ನಿಯಮಬದ್ಧ ಪದ ನಮ್ಮ ಮೇಜಿಗೆ ದಿನವೂ ಬರುತ್ತದೆ. ‘ಹ್ಯಾಸ್ ರಿಸೈನ್ಡ್’ ಎಂದರೆ ರಾಜೀನಾಮೆ ಕೊಟ್ಟಿದ್ದಾರೆ. ‘ಹ್ಯಾಡ್ ರಿಸೈನ್ಡ್’ ಎಂದರೆ ಅದಕ್ಕೂ ಮೊದಲೇ ಕೊಟ್ಟಿದ್ದರು. ‘ಮೇ ಹ್ಯಾವ್ ರಿಸೈನ್ಡ್’ ಎಂದರೆ ಕೊಟ್ಟಿರಬಹುದು. ‘ಶುಡ್ ಹ್ಯಾವ್ ರಿಸೈನ್ಡ್’ ಎಂದರೆ ಕೊಡಬೇಕಿತ್ತು, ಆದರೆ ಕೊಟ್ಟಿಲ್ಲ. ‘ವುಡ್ ಹ್ಯಾವ್ ರಿಸೈನ್ಡ್’ ಎಂದರೆ ಕೊಡುತ್ತಿದ್ದರು, ಆದರೆ ಕೊಡಲಿಲ್ಲ. ಐದರಲ್ಲಿಯೂ ಕೊನೆಯ ಪದ ಒಂದೇ. ಎರಡರಲ್ಲಿ ಮಂತ್ರಿಯ ಕುರ್ಚಿ ಹೋಗಿದೆ, ಒಂದರಲ್ಲಿ ಅನುಮಾನವಿದೆ, ಇನ್ನೆರಡರಲ್ಲಿ ಕುರ್ಚಿ ಭದ್ರವಾಗಿದೆ. ಬಾಲ ನೋಡಿ ಓದಿದವನಿಗೆ ಐವರೂ ಮನೆಗೆ ಹೋದಂತೆ ಕಾಣುತ್ತದೆ.

ಇದಕ್ಕಿಂತ ಅಪಾಯದ್ದು ಕರ್ಮಣಿ ಪ್ರಯೋಗ. ‘ಆಫೀಸರ್ ಸಸ್ಪೆಂಡೆಡ್’ ಎಂಬ ಇಂಗ್ಲಿಷ್ ತಲೆಬರಹ ನೋಡಿ. ಜಾಗ ಉಳಿಸಲು ‘ಈಸ್’ ಎಂಬ ಸಹಾಯಕ ಪದವನ್ನು ಬಿಟ್ಟಿದ್ದಾರೆ. ಅಧಿಕಾರಿ ಯಾರನ್ನೋ ಅಮಾನತು ಮಾಡಿದ್ದಲ್ಲ, ಅಧಿಕಾರಿಯೇ ಅಮಾನತುಗೊಂಡಿದ್ದಾನೆ. ಸಹಾಯಕ ಪದ ಕಾಣದಾದಾಗ ಅದು ಎಲ್ಲಿ ಹೋಯಿತು ಎಂದು ಹುಡುಕುವುದೂ ಓದಿನ ಭಾಗವೇ. ಮಾಡಿದವನಿಗೂ ಮಾಡಿಸಿಕೊಂಡವನಿಗೂ ‘ಎಡ್’ ಬಾಲ ಒಂದೇ.

ಹಾಗೆಂದು ಕನ್ನಡ ಗೊಂದಲವಿಲ್ಲದ ಭಾಷೆ ಎಂದು ಬೀಗಬೇಕಾಗಿಲ್ಲ. ‘ಹುಡುಗರು ಮುಳುಗುತ್ತಿದ್ದರು’ ಎಂದು ಬರೆದರೆ ಆಗ ಮುಳುಗುತ್ತ ಇದ್ದರು ಎಂದೂ ಆಗುತ್ತದೆ, ಯಾರೋ ಬಾರದಿದ್ದರೆ ಮುಳುಗಿಬಿಡುತ್ತಿದ್ದರು ಎಂದೂ ಆಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ವರ್ ಡ್ರೌನಿಂಗ್’, ಎರಡನೆಯದಕ್ಕೆ ‘ವುಡ್ ಹ್ಯಾವ್ ಡ್ರೌನ್ಡ್’. ಇಲ್ಲಿ ನಮ್ಮ ಬಾಲ ಮಾಡಲಾಗದ ಭೇದವನ್ನು ಅವರ ಮುಂದಿನ ಪದಗಳು ಮಾಡುತ್ತವೆ. ಇಂಗ್ಲಿಷಿನವನೊಬ್ಬ ಕನ್ನಡ ಕಲಿಯಲು ಬಂದರೆ ಅವನೂ ನನ್ನಂತೆಯೇ ಎಡವುತ್ತಾನೆ. ನಾನು ಬಾಲ ನೋಡಿ ಎಡವಿದೆ, ಅವನು ಬಾಲ ನೋಡದೆ ಎಡವುತ್ತಾನೆ.

ವಿದ್ಯಾರ್ಥಿ ಮಿತ್ರರಿಗೆ ನಾನು ಹೇಳುವುದು ಇಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಕ್ರಿಯಾಪದ ಹತ್ತುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಒಂಬತ್ತು ಬಾಲಗಳನ್ನು ಯಾರೂ ಕಲಿಸದೆಯೇ ಕಲಿತವರಿಗೆ ನಾಲ್ಕು ರೂಪ ದೊಡ್ಡದಲ್ಲ. ಬದಲಿಸಬೇಕಾದದ್ದು ಕಣ್ಣಿನ ಅಭ್ಯಾಸ. ಇಂಗ್ಲಿಷ್ ವಾಕ್ಯ ಓದುವಾಗ ‘ಎಡ್’ ಕಂಡೊಡನೆ ತೀರ್ಮಾನಕ್ಕೆ ಬರಬೇಡಿ. ಒಂದು ಹೆಜ್ಜೆ ಹಿಂದೆ ಸರಿದು, ಅದರ ಮುಂದೆ ಯಾರು ನಿಂತಿದ್ದಾರೆ ನೋಡಿ. ‘ಹ್ಯಾಸ್’ ಇದೆಯೇ, ‘ವಾಸ್’ ಇದೆಯೇ, ‘ವುಡ್ ಹ್ಯಾವ್’ ಇದೆಯೇ? ಪರೀಕ್ಷೆಯಲ್ಲಿ ಇದರಿಂದ ಒಂದೆರಡು ಅಂಕ ಹೆಚ್ಚು ಬರಬಹುದು. ನಾಳೆ ಆಸ್ಪತ್ರೆಯ ಚೀಟಿ, ಬ್ಯಾಂಕಿನ ಕಾಗದ, ನ್ಯಾಯಾಲಯದ ನೋಟಿಸು ಕೈಗೆ ಬಂದಾಗ ಅಂಕಕ್ಕಿಂತ ದೊಡ್ಡದು ಅದರ ಮೇಲೆ ನಿಂತಿರುತ್ತದೆ. ಸಾಲ ‘ತೀರಿದೆ’ ಎಂಬುದಕ್ಕೂ ‘ತೀರಿರಬೇಕಿತ್ತು’ ಎಂಬುದಕ್ಕೂ ಇಂಗ್ಲಿಷಿನಲ್ಲಿ ಕೊನೆಯ ಪದ ಒಂದೇ ಇರಬಹುದು.

ಆ ಮೂವರು ಹುಡುಗರ ಹೆಸರು ಸುದ್ದಿಯಲ್ಲಿ ಇರಲಿಲ್ಲ. ಅವರಿಗೆ ಈಗ ನಿಮ್ಮಷ್ಟೇ ವಯಸ್ಸಾಗಿರಬಹುದು, ಎಲ್ಲೋ ಹೀಗೆಯೇ ಬೆಂಚಿನ ಮೇಲೆ ಕೂತು ಕಾಲಗಳ ಕೋಷ್ಟಕ ಒಪ್ಪಿಸುತ್ತಿರಬಹುದು. ಮರುದಿನ ಒಳಪುಟದ ಮೂಲೆಯಲ್ಲಿ ‘ಅಂಬಿಗನ ಸಾಹಸ: ಮೂವರು ಬಾಲಕರ ರಕ್ಷಣೆ’ ಎಂದು ಸುದ್ದಿ ಅಚ್ಚಾಯಿತು. ಆ ತಲೆಬರಹ ಬರೆದವಳೂ ನಾನೇ.